ಅಣುಬಾಂಬ್ ಸುದ್ದಿ ಬಂದಾಗ ಗಾಬರಿ ಬೀಳದೆ ಓದುವುದು ಹೇಗೆ

2025ರ ಮೇ ತಿಂಗಳಲ್ಲಿ ನಮ್ಮ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗ್ರೂಪಿಗೆ ಒಂದು ಫಾರ್ವರ್ಡ್ ಬಂತು. ಪಾಕಿಸ್ತಾನ ಅಣ್ವಸ್ತ್ರ ಇಟ್ಟಿದೆ ಅಂತ ಜನ ಹೇಳುವ ಕಿರಾನಾ ಬೆಟ್ಟದಲ್ಲಿ ವಿಕಿರಣ ಸೋರುತ್ತಿದೆ, ಗಾಳಿ ಈ ಕಡೆ ತಿರುಗಿದರೆ ಕಥೆ ಮುಗೀತು, ಎಲ್ಲರೂ ಅಯೋಡಿನ್ ಉಪ್ಪು ಜಾಸ್ತಿ ತಿನ್ನಿ ಅಂತ. ಹನುಮಂತನಗರದಲ್ಲಿರುವ ನಮ್ಮ ಮಾವ ಅದನ್ನು ಓದಿ ಎರಡು ಕೆಜಿ ಉಪ್ಪು ತಂದಿಟ್ಟರು. ದಿನಾ ಬಿಪಿ ಮಾತ್ರೆ ನುಂಗುವ ಮನುಷ್ಯ! ಉಪ್ಪಿನಲ್ಲಿರುವ ಅಯೋಡಿನ್ ವಿಕಿರಣ ತಡೆಯುವಷ್ಟು ಇರುವುದಿಲ್ಲ, ಅಷ್ಟು ಬೇಕು ಅಂತ ಉಪ್ಪು ತಿಂದರೆ ವಿಕಿರಣಕ್ಕಿಂತ ಮೊದಲು ಉಪ್ಪೇ ಆಸ್ಪತ್ರೆಗೆ ಸೇರಿಸುತ್ತದೆ ಅಂತ ಹೇಳಿ ಒಪ್ಪಿಸುವಷ್ಟರಲ್ಲಿ ನನಗೆ ಸಾಕಾಯಿತು. ಆವತ್ತಿನಿಂದ ಮಾವನಿಗೆ ಹೇಳುತ್ತಾ ಬಂದಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ನಾನು ವಿಜ್ಞಾನಿ ಅಲ್ಲ. ಪೇಪರ್ ಓದುವ ಚಟ ಇದೆ, ಅಷ್ಟೇ.

ಮೊದಲು ನೋಡಬೇಕಾದ್ದು, ಅಳೆದು ಹೇಳಿದವರು ಯಾರು ಅಂತ. ಅಣು ವಿಷಯದಲ್ಲಿ ಒಂದು ಅನುಕೂಲ ಇದೆ. ವಿಕಿರಣವನ್ನು ಮುಚ್ಚಿಡುವುದು ಬಹಳ ಕಷ್ಟ. 1986ರ ಏಪ್ರಿಲ್ 26ರಂದು ಚೆರ್ನೋಬಿಲ್‌ನಲ್ಲಿ ರಿಯಾಕ್ಟರ್ ಸಿಡಿದಾಗ ಸೋವಿಯತ್ ಸರ್ಕಾರ ತುಟಿ ಬಿಚ್ಚಲಿಲ್ಲ. ಎರಡು ದಿನ ಆದ ಮೇಲೆ ಸಾವಿರ ಕಿಲೋಮೀಟರಿಗೂ ದೂರದ ಸ್ವೀಡನ್ನಿನಲ್ಲಿ, ಫೋರ್ಸ್‌ಮಾರ್ಕ್ ಅನ್ನುವ ಅಣು ವಿದ್ಯುತ್ ಸ್ಥಾವರದ ಒಬ್ಬ ಕೆಲಸಗಾರ ತಪಾಸಣೆ ಯಂತ್ರದ ಮುಂದೆ ಬಂದ. ಅಲಾರಂ ಹೊಡೆಯಿತು. ಅವರ ಸ್ಥಾವರದಲ್ಲಿ ಏನೂ ಸೋರಿರಲಿಲ್ಲ, ವಿಕಿರಣ ಇದ್ದದ್ದು ಆತನ ಬೂಟಿನಲ್ಲಿ, ಹೊರಗಿನ ಮಳೆಯಲ್ಲಿ ನಡೆದು ಅಂಟಿಸಿಕೊಂಡು ಬಂದದ್ದು. ಅಲ್ಲಿಂದ ಜಗತ್ತಿಗೆ ಗೊತ್ತಾಯಿತು. ಹಾಗಾಗಿ ಎಲ್ಲೋ ಸೋರಿದೆ ಅಂತ ಯಾರಾದರೂ ಹೇಳಿದರೆ, ಪಕ್ಕದ ದೇಶಗಳ ಅಳತೆಯಲ್ಲಿ ಕಂಡಿತಾ ಅಂತ ಕೇಳಿ. ವಿಯೆನ್ನಾದಲ್ಲಿರುವ ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆ, ಪೇಪರಿನಲ್ಲಿ ಐಎಇಎ ಅಂತ ಬರುತ್ತದಲ್ಲ, ಅದು ಏನು ಹೇಳಿದೆ ನೋಡಿ. ಕಿರಾನಾ ಗಾಳಿಸುದ್ದಿಯ ಹೊತ್ತಿನಲ್ಲಿ ಅದು, ಪಾಕಿಸ್ತಾನದ ಯಾವ ಅಣು ಸ್ಥಾವರದಿಂದಲೂ ಸೋರಿಕೆ ಆಗಿಲ್ಲ ಅಂತ ಸ್ಪಷ್ಟವಾಗಿ ಹೇಳಿತ್ತು. ಆದರೆ ಅದನ್ನು ಗ್ರೂಪಿನಲ್ಲಿ ಯಾರೂ ಫಾರ್ವರ್ಡ್ ಮಾಡಲಿಲ್ಲ, ಅಲ್ವಾ.

ಎರಡನೆಯದು, ಸುದ್ದಿ ಕರೆಂಟಿನದೋ ಬಾಂಬಿನದೋ ಬೇರೆ ಮಾಡಿಕೊಳ್ಳಿ. ನಮಗೆ ಹತ್ತಿರದ ಉದಾಹರಣೆ ಕೈಗಾ. ಬೆಂಗಳೂರಿನಿಂದ ಕಾಗೆ ಹಾರಿದ ಹಾಗೆ ನೇರ ಹೋದರೆ ಸುಮಾರು 400 ಕಿಲೋಮೀಟರ್, ಉತ್ತರ ಕನ್ನಡದ ಕಾಡಿನಲ್ಲಿ 220 ಮೆಗಾವಾಟಿನ ನಾಲ್ಕು ಘಟಕಗಳು ಇವೆ. ಅದರಲ್ಲಿ ಮೊದಲನೆಯದು 2018ರ ಡಿಸೆಂಬರ್ ಕೊನೆಯವರೆಗೆ 962 ದಿನ ಒಮ್ಮೆಯೂ ನಿಲ್ಲದೆ ಓಡಿ ಆಗ ವಿಶ್ವದಾಖಲೆ ಮಾಡಿತು. ನಮ್ಮ ಏರಿಯಾದಲ್ಲಿ ಒಂದು ದಿನ ಕರೆಂಟ್ ಹೋಗದೆ ಇದ್ದರೆ ಅದೇ ದಾಖಲೆ, ಆ ಮಾತು ಬೇರೆ. 'ಕೈಗಾ ಹಿರೋಶಿಮಾ ಥರ ಸ್ಫೋಟ ಆಗುತ್ತೆ' ಅಂತ ಆಗಾಗ ಬರುತ್ತದೆ. ಆಗುವುದಿಲ್ಲ. ಅಲ್ಲಿ ಹಾಕುವುದು ಮಾಮೂಲಿ ಯುರೇನಿಯಂ, ಅದು ಬಾಂಬಿನ ಹಾಗೆ ಸಿಡಿಯುವ ಸರಕೇ ಅಲ್ಲ. ಚೆರ್ನೋಬಿಲ್‌ನಲ್ಲಿ ಸಿಡಿದದ್ದು ಹಬೆಯ ಒತ್ತಡದಿಂದ, 2011ರಲ್ಲಿ ಫುಕುಶಿಮಾದಲ್ಲಿ ಹೈಡ್ರೋಜನ್ ಅನಿಲದಿಂದ. ಅವು ಸಣ್ಣ ಅನಾಹುತಗಳು ಅಂತ ಖಂಡಿತ ಹೇಳುತ್ತಿಲ್ಲ, ಊರಿಗೆ ಊರೇ ಖಾಲಿ ಆದವು. ಅದರ ಭಯ ಬೇರೆ, ಬಾಂಬಿನ ಭಯ ಬೇರೆ, ಅಷ್ಟೇ ಹೇಳುತ್ತಿರುವುದು.

ಹಾಗಂತ ಎರಡಕ್ಕೂ ಸಂಬಂಧವೇ ಇಲ್ಲ ಅನ್ನುವವರನ್ನೂ ನಂಬಬೇಡಿ. ರಿಯಾಕ್ಟರಿನಲ್ಲಿ ಉರಿದ ಇಂಧನದಲ್ಲಿ ಪ್ಲುಟೋನಿಯಂ ಇರುತ್ತದೆ. 1974ರ ಮೇ 18ರಂದು ಪೋಖ್ರಾನಿನಲ್ಲಿ ನಾವು ಸಿಡಿಸಿದ್ದರ ಪ್ಲುಟೋನಿಯಂ, ಶಾಂತಿಯ ಕೆಲಸಕ್ಕೆ ಅಂತ ಕೆನಡಾ ನೆರವಿನಿಂದ ಕಟ್ಟಿದ ಸೈರಸ್ ರಿಯಾಕ್ಟರಿನಿಂದ ಬಂದದ್ದು. ಅದರ ತಂಡ ನಡೆಸಿದ ರಾಜಾ ರಾಮಣ್ಣ ನಮ್ಮ ತುಮಕೂರಿನವರು, ಪಿಯಾನೊ ನುಡಿಸುತ್ತಿದ್ದವರು, ಆಮೇಲೆ ಇಲ್ಲೇ ಟಾಟಾ ಇನ್‌ಸ್ಟಿಟ್ಯೂಟ್ ಆವರಣದಲ್ಲಿ ನಿಯಾಸ್ ಸಂಸ್ಥೆಯ ಮೊದಲ ನಿರ್ದೇಶಕರಾದರು. ಆ ಸ್ಫೋಟ ಆದ ಮೇಲೆಯೇ ಅಣು ಸರಕು ಮಾರುವ ದೇಶಗಳು ಸೇರಿ ಎನ್‌ಎಸ್‌ಜಿ ಅನ್ನುವ ಗುಂಪು ಕಟ್ಟಿಕೊಂಡದ್ದು. ಅದಕ್ಕೇ 'ಯಾವ ರಿಯಾಕ್ಟರಿಗೆ ಐಎಇಎ ತಪಾಸಣೆ ಇದೆ, ಯಾವುದಕ್ಕೆ ಇಲ್ಲ' ಅನ್ನುವುದು ಮುಖ್ಯವಾದ ಪ್ರಶ್ನೆ. ಅಮೆರಿಕದ ಜೊತೆಗಿನ ಅಣು ಒಪ್ಪಂದದ ಹೊತ್ತಿಗೆ ಭಾರತ ಒಂದಷ್ಟು ರಿಯಾಕ್ಟರುಗಳನ್ನು ತಪಾಸಣೆಗೆ ಬಿಟ್ಟುಕೊಟ್ಟಿತು. ಕೈಗಾದ ನಾಲ್ಕು ಘಟಕ ಆ ಪಟ್ಟಿಯಲ್ಲಿ ಇಲ್ಲ.

ಈಗ ಶೇಕಡಾ ಲೆಕ್ಕ. ಇರಾನ್ ಸುದ್ದಿಯಲ್ಲಿ ಎಲ್ಲರೂ ಎಡವುವುದು ಇಲ್ಲೇ. ಸಂವರ್ಧನೆ ಅಂತ ಒಂದು ಪೇಪರ್ ಬರೆಯುತ್ತದೆ, ಪುಷ್ಟೀಕರಣ ಅಂತ ಇನ್ನೊಂದು, ಎರಡೂ ಒಂದೇ, ಯುರೇನಿಯಂನಲ್ಲಿ ಕೆಲಸಕ್ಕೆ ಬರುವ ಭಾಗದ ಪಾಲು ಹೆಚ್ಚಿಸುವುದು. 'ಶೇ 60 ತಲುಪಿದೆ, ಬಾಂಬಿಗೆ ಶೇ 90 ಬೇಕು' ಅಂತ ಓದಿದಾಗ ಮಾವ, 'ಹಾಗಾದ್ರೆ ಇನ್ನೂ ಮೂರನೇ ಒಂದು ಭಾಗ ದಾರಿ ಇದೆಯಲ್ಲಪ್ಪಾ' ಅಂದರು. ತಪ್ಪು ಲೆಕ್ಕ, ಆದರೆ ಯಾರಿಗಾದರೂ ಹಾಗೇ ಅನಿಸುತ್ತದೆ.

ಇದನ್ನು ಮನೆಯಲ್ಲೇ ಮಾಡಿ ನೋಡಬಹುದು. ಕಡಲೆಕಾಯಿ ಪರಿಷೆ ಮುಗಿದ ಮೇಲೆ ಮನೆಯಲ್ಲಿ ಉಳಿದಿದ್ದ ಕಡಲೆಬೀಜ ಸುರಿದುಕೊಂಡು ಅಕ್ಕನ ಮಗಳು ಮತ್ತು ನಾನು ಒಂದು ಸಂಜೆ ಕೂತು 1000 ಎಣಿಸಿದೆವು, ಸುಮಾರು ಅರ್ಧ ಕೆಜಿ ಆಯಿತು. ಅದರಲ್ಲಿ 7 ಬೀಜಕ್ಕೆ ಕುಂಕುಮ ಹಚ್ಚಿ ದೊಡ್ಡ ತಟ್ಟೆಯಲ್ಲಿ ಕಲಸಿದೆವು. ಗಣಿಯಿಂದ ಬರುವ ಯುರೇನಿಯಂ ಹೀಗೇ ಇರುತ್ತದೆ, ಸಾವಿರಕ್ಕೆ 7 ಮಾತ್ರ ಕೆಲಸಕ್ಕೆ ಬರುವ ಯುರೇನಿಯಂ-235 ಅನ್ನುವ ಬಗೆ, ಉಳಿದದ್ದೆಲ್ಲ ಯುರೇನಿಯಂ-238. ಎರಡೂ ರಾಸಾಯನಿಕವಾಗಿ ಒಂದೇ, ತೂಕದಲ್ಲಿ ಕೂದಲೆಳೆಯ ವ್ಯತ್ಯಾಸ, ಅದಕ್ಕೇ ಬೇರೆ ಮಾಡುವುದು ಅಷ್ಟು ಕಷ್ಟ. ಈಗ ಕುಂಕುಮ ಹಚ್ಚದ ಬೀಜಗಳನ್ನು ತೆಗೆಯುತ್ತಾ ಹೋಗಿ. 810 ತೆಗೆದರೆ ತಟ್ಟೆಯಲ್ಲಿ 190 ಉಳಿಯುತ್ತದೆ, ಅದರಲ್ಲಿ 7 ಕೆಂಪು. ಇದು ಶೇ 3.67, ಅಂದರೆ ಅಮೆರಿಕ ಮತ್ತಿತರ ದೇಶಗಳು ಇರಾನ್ ಜೊತೆ ಮಾಡಿಕೊಂಡ 2015ರ ಅಣು ಒಪ್ಪಂದದಲ್ಲಿ ಇರಾನಿಗೆ ಹಾಕಿದ್ದ ಮಿತಿ, ವಿದ್ಯುತ್ ಸ್ಥಾವರಕ್ಕೆ ಸಾಕಾಗುವ ಮಟ್ಟ. ಇನ್ನು 155 ತೆಗೆದರೆ 35 ಉಳಿಯುತ್ತದೆ, ಶೇ 20 ಆಯಿತು. ಇನ್ನು 23 ತೆಗೆಯಿರಿ, 12 ಉಳಿಯಿತು. ಇದೇ ಹತ್ತಿರ ಹತ್ತಿರ ಶೇ 60. ಅಲ್ಲಿಂದ ಶೇ 90ಕ್ಕೆ ಹೋಗಲು ತೆಗೆಯಬೇಕಾದ್ದು ಎಷ್ಟು ಗೊತ್ತಾ? ನಾಲ್ಕೇ ನಾಲ್ಕು ಬೀಜ. ನಮ್ಮ ಹುಡುಗಿ ಆ ನಾಲ್ಕನ್ನು ಬಾಯಿಗೆ ಹಾಕಿಕೊಂಡು, 'ಇಷ್ಟೇನಾ ಮಾಮ?' ಅಂದಳು. ಇಷ್ಟೇ. ನಿಜವಾದ ಕಾರ್ಖಾನೆಯಲ್ಲಿ ಕೆಂಪು ಬೀಜಗಳಲ್ಲೂ ಕೆಲವು ಕಸದ ರಾಶಿಗೆ ಹೋಗುತ್ತವೆ, ಲೆಕ್ಕ ಇಷ್ಟು ನೀಟಾಗಿ ಇರುವುದಿಲ್ಲ, ಆದರೆ ದುಡಿಮೆಯ ಹೆಚ್ಚಿನ ಪಾಲು ಮೊದಲ ಹಂತದಲ್ಲೇ ಮುಗಿದಿರುತ್ತದೆ ಅನ್ನುವುದು ನಿಜ. 2018ರ ಮೇನಲ್ಲಿ ಅಮೆರಿಕ ಆ ಒಪ್ಪಂದ ಬಿಟ್ಟು ಎದ್ದು ಹೋಯಿತು, 2021ರಲ್ಲಿ ಇರಾನ್ ಶೇ 60ಕ್ಕೆ ಹೋಯಿತು. ಪೇಪರಿನಲ್ಲಿ ಬರೀ ಶೇಕಡಾ ಇದ್ದರೆ ಸಾಲದು, ಎಷ್ಟು ಕೆಜಿ ಅಂತಲೂ ಹುಡುಕಿ. 2015ರ ಒಪ್ಪಂದ ಎರಡಕ್ಕೂ ಬೇಲಿ ಹಾಕಿತ್ತು, ಶೇ 3.67ರದ್ದೂ 300 ಕೆಜಿಗಿಂತ ಹೆಚ್ಚು ಇಟ್ಟುಕೊಳ್ಳುವ ಹಾಗಿರಲಿಲ್ಲ.

ಒಪ್ಪಂದಗಳ ಸುದ್ದಿ ಓದುವುದು ಬೆಂಗಳೂರಿನವರಿಗೆ ಸುಲಭ ಆಗಬೇಕು, ಯಾಕೆಂದರೆ ಇಲ್ಲಿ ಸೈಟು ಕೊಂಡ ಎಲ್ಲರಿಗೂ ಈ ಕಥೆ ಗೊತ್ತು. ಸಹಿ ಹಾಕುವುದು ಅಂದರೆ ಸೇಲ್ ಅಗ್ರಿಮೆಂಟ್. ಸಂಸತ್ತಿನಲ್ಲಿ ಅನುಮೋದನೆ ಅಂದರೆ ರಿಜಿಸ್ಟ್ರೇಷನ್. ಜಾರಿಗೆ ಬರುವುದು ಅಂದರೆ ಖಾತೆ ಆಗುವುದು. ತಪಾಸಣೆ ಅಂದರೆ ಸರ್ವೆಯವರು ಬಂದು ಚೈನು ಹಿಡಿದು ಅಳೆಯುವುದು. ಈ ನಾಲ್ಕರಲ್ಲಿ ಯಾವ ಹಂತ ಅಂತ ಸುದ್ದಿಯಲ್ಲಿ ಹುಡುಕಿ.

ಅಣು ಪರೀಕ್ಷೆಯನ್ನೇ ನಿಷೇಧಿಸುವ ಸಿಟಿಬಿಟಿ 1996ರಲ್ಲಿ ಸಹಿಗೆ ಬಂತು, ಇವತ್ತಿಗೂ ಖಾತೆ ಆಗಿಲ್ಲ. 44 ನಿರ್ದಿಷ್ಟ ದೇಶಗಳು ಎಲ್ಲವೂ ರಿಜಿಸ್ಟ್ರೇಷನ್ ಮಾಡಿಸಿದರೆ ಮಾತ್ರ ಜಾರಿ ಅನ್ನುವ ಷರತ್ತು ಅದಕ್ಕಿದೆ. ಭಾರತ, ಪಾಕಿಸ್ತಾನ, ಉತ್ತರ ಕೊರಿಯಾ ಅಗ್ರಿಮೆಂಟಿಗೂ ಕೂತಿಲ್ಲ. ಅಮೆರಿಕ, ಚೀನಾ ಸಹಿ ಹಾಕಿ ಅಲ್ಲೇ ನಿಂತಿವೆ. ರಷ್ಯಾ ಮಾಡಿಸಿದ್ದ ರಿಜಿಸ್ಟ್ರೇಷನ್ನನ್ನೇ 2023ರಲ್ಲಿ ವಾಪಸ್ ತೆಗೆದುಕೊಂಡಿತು. ಅಣ್ವಸ್ತ್ರ ಬೇರೆ ದೇಶಗಳಿಗೆ ಹರಡದಂತೆ ತಡೆಯುವ ಒಪ್ಪಂದ ಎನ್‌ಪಿಟಿ ಹಾಗಲ್ಲ, 1970ರ ಮಾರ್ಚ್‌ನಲ್ಲೇ ಜಾರಿಗೆ ಬಂದಿದೆ, ಸುಮಾರು 190 ದೇಶ ಒಳಗಿವೆ. ಅದರಲ್ಲಿ ಒಂದು ಗೆರೆ ಇದೆ, 1967ರ ಜನವರಿ 1ರ ಮೊದಲು ಬಾಂಬ್ ಸಿಡಿಸಿದವರಷ್ಟೇ ಅಧಿಕೃತ ಅಣ್ವಸ್ತ್ರ ದೇಶಗಳು ಅಂತ. 1964ರಲ್ಲಿ ಸಿಡಿಸಿದ ಚೀನಾ ಒಳಗೆ, 1974ರಲ್ಲಿ ಸಿಡಿಸಿದ ನಾವು ಹೊರಗೆ. ಕಟ್‌ಆಫ್ ದಿನಾಂಕದಲ್ಲಿ ಸಕ್ರಮ ತಪ್ಪಿಸಿಕೊಂಡ ಮನೆಯವನ ಸಂಕಟ ಏನು ಅಂತ ಇಲ್ಲಿ ಯಾರಿಗೂ ವಿವರಿಸಬೇಕಾಗಿಲ್ಲ. ಭಾರತ ಯಾಕೆ ಸಹಿ ಹಾಕುವುದಿಲ್ಲ ಅಂದರೆ ಮುಖ್ಯ ತಕರಾರು ಇದೇ. ಇನ್ನು 2021ರಲ್ಲಿ ಜಾರಿಗೆ ಬಂದ ಅಣ್ವಸ್ತ್ರ ನಿಷೇಧ ಒಪ್ಪಂದಕ್ಕೆ ಖಾತೆ ಏನೋ ಆಗಿದೆ, ಆದರೆ ಜಾಗದ ಮೇಲೆ ಕೂತಿರುವ, ಅಂದರೆ ಅಣ್ವಸ್ತ್ರ ಇಟ್ಟುಕೊಂಡಿರುವ ಒಂಬತ್ತು ದೇಶಗಳಲ್ಲಿ ಒಂದರ ಹೆಸರೂ ಆ ಕಾಗದದಲ್ಲಿ ಇಲ್ಲ.

ಸಿಡಿತಲೆಗಳ, ಅಂದರೆ ಕ್ಷಿಪಣಿಗೋ ವಿಮಾನಕ್ಕೋ ಹಾಕುವ ಅಣುಬಾಂಬುಗಳ ಸಂಖ್ಯೆ ಬಂದಾಗ ಯಾವುದನ್ನು ಎಣಿಸಿದ್ದಾರೆ ಅಂತ ನೋಡಿ. 1980ರ ದಶಕದ ನಡುವೆ ಜಗತ್ತಿನಲ್ಲಿ ಸುಮಾರು 70,000 ಇದ್ದವು, ಈಗ ಸುಮಾರು 12,000. ಅಮೆರಿಕ ಮತ್ತು ರಷ್ಯಾ ನಡುವಿನ ನ್ಯೂ ಸ್ಟಾರ್ಟ್ ಒಪ್ಪಂದದಲ್ಲಿ ಒಬ್ಬೊಬ್ಬರಿಗೆ 1550 ಮಿತಿ ಇತ್ತು. ಆದರೆ ಅದು ಹಾರಿಸಲು ಸಿದ್ಧವಾಗಿ ನಿಯೋಜಿಸಿದವುಗಳ ಲೆಕ್ಕ, ಗೋಡೌನಿನಲ್ಲಿ ಇಟ್ಟದ್ದು ಅದರಲ್ಲಿ ಬರುವುದಿಲ್ಲ. ಇನ್ನೂ ತಮಾಷೆ ಅಂದರೆ ಒಂದು ಬಾಂಬರ್ ವಿಮಾನ ಎಷ್ಟೇ ಹೊತ್ತರೂ ಲೆಕ್ಕಕ್ಕೆ ಒಂದೇ. ಬಿಎಂಟಿಸಿ ಬಸ್ಸಿನಲ್ಲಿ ಎಷ್ಟೇ ಜನ ನೇತಾಡಲಿ, ಟೋಲಿನಲ್ಲಿ ಒಂದೇ ಗಾಡಿ ಅಲ್ವಾ, ಹಾಗೆ. ಆ ಒಪ್ಪಂದದ ಅವಧಿ 2026ರ ಫೆಬ್ರವರಿ 5ರವರೆಗೆ ಇತ್ತು. ಅದಕ್ಕಿಂತ ಮೂರು ವರ್ಷ ಮೊದಲೇ, 2023ರ ಫೆಬ್ರವರಿಯಲ್ಲಿ, ರಷ್ಯಾ ಅದನ್ನು ಅಮಾನತಿನಲ್ಲಿ ಇಟ್ಟಿತ್ತು. ನನ್ನ ಪ್ರಕಾರ ಸಂಖ್ಯೆಗಿಂತ ದೊಡ್ಡ ನಷ್ಟ, ಒಬ್ಬರ ನೆಲೆಗೆ ಇನ್ನೊಬ್ಬರು ಹೋಗಿ ಕಣ್ಣಾರೆ ನೋಡುವ ಪದ್ಧತಿ ನಿಂತದ್ದು.

ಕಿಲೋಟನ್, ಮೆಗಾಟನ್ ಗೊಂದಲ ಬೇಗ ಮುಗಿಸುತ್ತೇನೆ. ಕಿಲೋಟನ್ ಅಂದರೆ ಸಾವಿರ ಟನ್ ಟಿಎನ್‌ಟಿ ಸಿಡಿಮದ್ದಿನಷ್ಟು ಬಲ, ಮೆಗಾಟನ್ ಅದರ ಸಾವಿರ ಪಟ್ಟು. ಹಿರೋಶಿಮಾ ಬಾಂಬು ಸುಮಾರು 15 ಕಿಲೋಟನ್, 1961ರಲ್ಲಿ ಸೋವಿಯತ್ ಸಿಡಿಸಿದ ಅತಿ ದೊಡ್ಡದು ಸುಮಾರು 50 ಮೆಗಾಟನ್. ಬಾಂಬು ಸಾವಿರ ಪಟ್ಟು ದೊಡ್ಡದಾದರೆ ಸ್ಫೋಟದ ಹೊಡೆತ ಸುಮಾರು ಹತ್ತು ಪಟ್ಟು ದೂರ ಹೋಗುತ್ತದೆ, ಸಾವಿರ ಪಟ್ಟು ಅಲ್ಲ. ಮೆಜೆಸ್ಟಿಕ್ ನಡುವೆ ಇಟ್ಟು ಇಡೀ ಕರ್ನಾಟಕಕ್ಕೆ ಕೆಂಪು ವೃತ್ತ ಎಳೆದ ಚಿತ್ರ ಬಂದರೆ ಡಿಲೀಟ್ ಮಾಡಿ.

ಅಣು ಪರೀಕ್ಷೆ ಆಯಿತು ಅಂತ ಸುದ್ದಿ ಬಂದರೆ ಗೌರಿಬಿದನೂರು ನೆನಪಿಸಿಕೊಳ್ಳಿ. ಅಲ್ಲಿನ ರೇಡಿಯೊ ದೂರದರ್ಶಕ ಬೇರೆ, ನಾನು ಹೇಳುತ್ತಿರುವುದು 1965ರಲ್ಲಿ ಬ್ರಿಟಿಷರ ಜೊತೆ ಸೇರಿ ನಮ್ಮ ಅಣುಶಕ್ತಿಯವರು ಹೊಲಗಳ ನಡುವೆ ಎಲ್ ಆಕಾರದಲ್ಲಿ ಹೂತಿಟ್ಟ ಕಂಪನ ಮಾಪಕಗಳ ಸಾಲು. ದೂರದ ದೇಶದ ಭೂಗತ ಸ್ಫೋಟವನ್ನು ನೆಲಕ್ಕೆ ಕಿವಿ ಇಟ್ಟು ಕೇಳುವುದೇ ಅದರ ಕೆಲಸ. ಭೂಕಂಪದಲ್ಲಿ ಬಂಡೆ ಪಕ್ಕಕ್ಕೆ ಜಾರುತ್ತದೆ, ಅಲುಗಾಡಿಸುವ ಅಲೆ ಜೋರು. ಸ್ಫೋಟ ಎಲ್ಲ ದಿಕ್ಕಿಗೂ ಒಮ್ಮೆಗೇ ತಳ್ಳುತ್ತದೆ, ಮೊದಲ ಗುದ್ದೇ ಜೋರು. ಹಾಗೇ ಗುರುತು ಹಿಡಿಯುತ್ತಾರೆ. 2017ರ ಸೆಪ್ಟೆಂಬರ್ 3ರ ಉತ್ತರ ಕೊರಿಯಾ ಪರೀಕ್ಷೆ 6.3 ತೀವ್ರತೆ ತೋರಿಸಿತ್ತು. ಆದರೆ ಕಂಪನದಿಂದ ಅಣುವೋ ಮಾಮೂಲಿ ಸಿಡಿಮದ್ದೋ ಅಂತ ಖಾತ್ರಿ ಆಗುವುದಿಲ್ಲ. ಅದಕ್ಕೆ ಗಾಳಿಯಲ್ಲಿ ಕ್ಸೆನಾನ್ ಥರದ ವಿಕಿರಣಶೀಲ ಅನಿಲ ಸಿಗಬೇಕು, ಅದು ಬರಲು ದಿನಗಟ್ಟಲೆ ಹಿಡಿಯುತ್ತದೆ. ಮೊದಲ ಗಂಟೆಯಲ್ಲೇ ಎಲ್ಲ ಗೊತ್ತು ಅನ್ನುವ ಚಾನೆಲ್ಲನ್ನು ಮ್ಯೂಟ್ ಮಾಡಿ ಕಾಫಿ ಕುಡಿಯಿರಿ.

ಕೊನೆಗೆ ಒಂದು ಅಭ್ಯಾಸ. ಜನವರಿ 2ರ ಪೇಪರಿನ ಒಳಪುಟದಲ್ಲಿ ನಾಲ್ಕೈದು ಸಾಲಿನ ಒಂದು ಸುದ್ದಿ ಇರುತ್ತದೆ, ಹುಡುಕಿ. ಭಾರತ ಮತ್ತು ಪಾಕಿಸ್ತಾನ ಪರಸ್ಪರರ ಅಣು ಸ್ಥಾವರಗಳ ಮೇಲೆ ದಾಳಿ ಮಾಡುವುದಿಲ್ಲ ಅಂತ 1988ರ ಡಿಸೆಂಬರ್ 31ರಂದು ಒಪ್ಪಂದ ಮಾಡಿಕೊಂಡವು. ಅದರ ಪ್ರಕಾರ 1992ರಿಂದ ಜನವರಿ 1ಕ್ಕೆ ಎರಡೂ ಕಡೆ ಸ್ಥಾವರಗಳ ಪಟ್ಟಿ ಕೊಟ್ಟು ತೆಗೆದುಕೊಳ್ಳುತ್ತಾರೆ. ಕಾರ್ಗಿಲ್ ಆದ ಮೇಲಿನ ಜನವರಿಯಲ್ಲೂ ಕೊಟ್ಟರು. ಮುಂಬೈ ದಾಳಿ ಆಗಿ ಐದು ವಾರ ಆಗಿತ್ತು, ಆಗಲೂ ಕೊಟ್ಟರು. ಮಾವ ಈಗ ಆ ತುಣುಕನ್ನು ಕತ್ತರಿಸಿ ಪಂಚಾಂಗದ ಒಳಗೆ ಇಡುತ್ತಾರೆ. ಉಪ್ಪು ಇನ್ನೂ ಒಂದು ಕೆಜಿ ಉಳಿದಿದೆ, ಉಪ್ಪಿನಕಾಯಿ ಹಾಕುವಾಗ ಖರ್ಚಾಗುತ್ತದೆ ಅಂತಾರೆ ಅತ್ತೆ.