ಪಟ್ಟದರಾಣಿಯನ್ನು ಬಿಟ್ಟು ಬೀಗದಕೈ ಹಿಡಿದವಳ ಹಿಂದೆ ಹೋದೆ

ಕಾದಂಬರಿ ಓದುವಾಗ ಪಕ್ಕದಲ್ಲಿ ಲೆಕ್ಕದ ಪುಸ್ತಕ ಇಟ್ಟುಕೊಳ್ಳುತ್ತೇನೆ ಅಂದಾಗ ನಮ್ಮ ಓದುಗರ ಗುಂಪಿನಲ್ಲಿ ನಕ್ಕವರೇ ಜಾಸ್ತಿ. 'ಆಫೀಸಿನ ಚಟ ಇಲ್ಲಿಗೂ ತಂದ್ರಾ ಮೇಡಂ?' ಅಂತ ಕೇಳಿದರು. ಈಗ ಅವರಲ್ಲೇ ನಾಲ್ಕೈದು ಜನ ಅದನ್ನೇ ಮಾಡುತ್ತಿದ್ದಾರೆ. ಅದಕ್ಕೇ ಇದನ್ನು ಬರೆಯುವ ಧೈರ್ಯ.

ನಾನು ಆಡಿಟ್ ಕೆಲಸದವಳು. ಅರಮನೆ ಕಾದಂಬರಿ ಅಂದರೆ ಪ್ರಾಣ, ಆದರೆ ವರ್ಷಗಟ್ಟಲೆ ಮುಗಿಸಿದ್ದಕ್ಕಿಂತ ಅರ್ಧಕ್ಕೆ ಮಡಚಿಟ್ಟದ್ದೇ ಹೆಚ್ಚು. ಒಂದೇ ಹೆಸರಿನ ಮೂವರು ರಾಜರು, ಅರ್ಧ ಪುಟದ ಬಿರುದುಗಳು, ನೂರನೇ ಪುಟಕ್ಕೆ ಬರುವಷ್ಟರಲ್ಲಿ ಯಾರ ಮಗಳು ಯಾರ ಸೊಸೆ ಅಂತ ತಲೆ ಕೆಟ್ಟುಹೋಗುತ್ತಿತ್ತು. ಇನ್ನು ರಾಣಿಯರು. ಒಬ್ಬಳು ಅಳುತ್ತಾಳೆ, ಒಬ್ಬಳು ವಿಷ ಬೆರೆಸುತ್ತಾಳೆ, ಇನ್ನೊಬ್ಬಳು ಕುಣಿಯುತ್ತಾಳೆ. ಅಷ್ಟರಲ್ಲೇ ಅಂತಃಪುರ ಮುಗಿಯಿತು.

ನೀವೆಲ್ಲ ಮಾಡುವುದನ್ನು ನಾನೂ ಮಾಡಿ ನೋಡಿದೆ. ಗೋಡೆಗೆ ವಂಶವೃಕ್ಷ ಅಂಟಿಸಿದೆ, ಅದನ್ನು ನೋಡಿ ಮನೆಗೆ ಬಂದವರು ಆಸ್ತಿ ಜಗಳ ಏನಾದರೂ ನಡೀತಿದೆಯಾ ಅಂತ ಕೇಳಿದರು. ಮೊದಲು ಇತಿಹಾಸ ಓದಿ ಆಮೇಲೆ ಕಾದಂಬರಿಗೆ ಹೋಗೋಣ ಅಂತ ದಪ್ಪ ದಪ್ಪ ಸಂಪುಟಗಳನ್ನು ತರಿಸಿದೆ. ಒಂಬತ್ತು ಹತ್ತು ಸಾವಿರ ಹೋಯಿತು ಅನ್ನಿ. ಅದರಲ್ಲಿ ಒಂದು ಹಳೇ ಪುಸ್ತಕದಂಗಡಿಯಿಂದ ಬಂದದ್ದು, ಹಿಂದಿನ ಸೂಚಿಯೇ ಇರಲಿಲ್ಲ, ಗೆದ್ದಲು ತಿಂದಿತ್ತು. ವಾಪಸ್ ತಗೊಳ್ಳಲ್ಲ ಅಂದರು. ಇತಿಹಾಸ ಮುಗಿಸಿ ಬಂದರೆ ಕಾದಂಬರಿಯ ಕೊನೆ ಮೊದಲೇ ಗೊತ್ತು, ರುಚಿಯೇ ಇಲ್ಲ.

ದಾರಿ ಸಿಕ್ಕಿದ್ದು ನೂನಿಜ್‌ನಿಂದ. 1535ರ ಆಸುಪಾಸಿನಲ್ಲಿ ವಿಜಯನಗರದಲ್ಲಿದ್ದ ಪೋರ್ಚುಗೀಸ್ ಕುದುರೆ ವ್ಯಾಪಾರಿ. ಅಚ್ಯುತರಾಯನ ಅರಮನೆಯ ಹೆಂಗಸರ ಪಟ್ಟಿ ಕೊಡುತ್ತಾ ಹೋಗುತ್ತಾನೆ. ರಾಣಿಯರನ್ನು ಹೊರುವವರು, ಕುಸ್ತಿ ಆಡುವವರು, ಜ್ಯೋತಿಷ್ಯ ಹೇಳುವವರು, ರಾತ್ರಿ ಕಾವಲಿನವರು, ಎಲ್ಲರೂ ಹೆಂಗಸರು. ಮಧ್ಯದಲ್ಲಿ ಸುಮ್ನೆ ಹಾಗೇ ಒಂದು ಮಾತು ಬರುತ್ತದೆ. ಬಾಗಿಲೊಳಗೆ ಆಗುವ ಖರ್ಚನ್ನೆಲ್ಲ ಬರೆಯುವ ಹೆಂಗಸರಿದ್ದಾರಂತೆ. ಇನ್ನು ಕೆಲವರು ರಾಜ್ಯದ ವ್ಯವಹಾರ ಬರೆದಿಟ್ಟು, ಹೊರಗಿನ ಕರಣಿಕರ ಪುಸ್ತಕದ ಜೊತೆ ತಾಳೆ ನೋಡುತ್ತಾರಂತೆ. ನಾನು ಎದ್ದು ಕೂತೆ. ಇದು ನನ್ನ ಕೆಲಸ ಕಣ್ರೀ! ದಿನಾ ಬೆಳಿಗ್ಗೆಯಿಂದ ಸಂಜೆವರೆಗೆ ನಾನು ಮಾಡುವುದು ಇದನ್ನೇ, ಸಂಬಳಕ್ಕೆ. ನಾನು ಓದಿದ ಯಾವ ಕಾದಂಬರಿಯಲ್ಲೂ ಅವಳಿರಲಿಲ್ಲ.

ಅಲ್ಲಿಂದ ರಾಜನನ್ನು ಬಿಟ್ಟೆ. ಅರವತ್ತು ರೂಪಾಯಿಯ ಉದ್ದ ನೋಟ್‌ಬುಕ್. ಪ್ರತಿ ಅಧ್ಯಾಯಕ್ಕೆ ಕಾಲಂ ಹಾಕಿದೆ: ಬೀಗದಕೈ ಯಾರ ಸೊಂಟದಲ್ಲಿದೆ, ಖರ್ಚು ಯಾರ ಬೊಕ್ಕಸದಿಂದ, ಯಾರ ಮಾತಿಗೆ ಬಾಗಿಲು ತೆರೆಯುತ್ತದೆ. ನಾಲ್ಕನೆಯದೊಂದಿದೆ, ಅದನ್ನು ಗುಂಪಿನವರಿಗೂ ಹೇಳಿಲ್ಲ, ಇಲ್ಲೂ ಹೇಳುವುದಿಲ್ಲ. ಯುದ್ಧದ ಅಧ್ಯಾಯಕ್ಕೆ ಬರೀ ಒಂದು ಸಾಲು. ಪತ್ರ ಬಂದರೆ, ತಂದವಳು ಯಾರು, ಅವಳಿಗೆ ಏನು ಕೊಟ್ಟರು ಅಂತ ಬರೆಯುತ್ತೇನೆ. ಐವತ್ತು ಪುಟ ದಾಟುವಷ್ಟರಲ್ಲಿ ಲೇಖಕರು 'ದಾಸಿಯೊಬ್ಬಳು' ಅಂತ ತಳ್ಳಿಬಿಟ್ಟವಳೇ ಅರಮನೆ ನಡೆಸುತ್ತಿರುವುದು ಕಾಣುತ್ತದೆ. ಹೆಸರುಗಳ ಗೊಂದಲವೂ ಹೋಯಿತು. ದುಡ್ಡಿನ ಜೊತೆ ಅಂಟಿಕೊಂಡ ಹೆಸರು ನನಗೆ ಮರೆಯುವುದೇ ಇಲ್ಲ.

'ದಾಸಿಗೆ ಅಷ್ಟೆಲ್ಲ ಎಲ್ಲಿರುತ್ತೆ?' ಅಂತ ವಾದಕ್ಕೆ ಬಂದವರಿಗೆ ಸಂಚಿ ಹೊನ್ನಮ್ಮನನ್ನು ತೋರಿಸಿದೆ. ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ಎಲೆಅಡಿಕೆ ಸಂಚಿ ಹಿಡಿದವಳೇ ಕೂತು ಸಾಂಗತ್ಯ ಅನ್ನುವ ಹಾಡುವ ಛಂದಸ್ಸಿನಲ್ಲಿ ಕಾವ್ಯ ಬರೆದಳಲ್ಲ! ಸುಮ್ಮನಾದರು.

ದೊಡ್ಡ ಪರೀಕ್ಷೆ ಶಾಂತಲೆಯದ್ದು. ಹೊಯ್ಸಳರ ಕಾಲದ ಕಾದಂಬರಿ ಹಿಡಿದರೆ ಅವಳು ಬರೀ ನಾಟ್ಯರಾಣಿ. ನಾನು ಪಕ್ಕದಲ್ಲಿ ಶ್ರವಣಬೆಳಗೊಳದ ಶಾಸನ ಸಂಪುಟ ಇಟ್ಟುಕೊಂಡೆ. 1123ರಲ್ಲಿ ಸವತಿಗಂಧವಾರಣ ಬಸದಿ ಕಟ್ಟಿಸಿದಳು. ಸವತಿಯರ ಪಾಲಿಗೆ ಮದಿಸಿದ ಆನೆ ಅನ್ನುವ ತನ್ನ ಬಿರುದನ್ನೇ ಬಸದಿಗೂ ಇಟ್ಟಳು, ನೋಡಿ ಎಂಥ ಗಟ್ಟಿಗಿತ್ತಿ. ಬಸದಿಯ ಖರ್ಚಿಗೆ ಮೊಟ್ಟೆನವಿಲೆ ಅನ್ನುವ ಊರು ಬಿಟ್ಟಳು. ನನ್ನ ಪುಸ್ತಕದಲ್ಲಿ ಆ ದಿನದ ನಮೂದು ಹೀಗಿದೆ: 'ಊರು ಅವಳದ್ದು, ಒಪ್ಪಿಗೆ ವಿಷ್ಣುವರ್ಧನನದ್ದು. ಸಹಿ ಎರಡು.' ಈ ಒಂದು ಸಾಲು ಇಟ್ಟುಕೊಂಡು ಕಾದಂಬರಿಗೆ ವಾಪಸ್ ಹೋದರೆ, ಅವಳು ಗಂಡನ ಜೊತೆ ಸರಸವಾಡುವ ದೃಶ್ಯದಲ್ಲೂ ಒಂದು ಕೋರಿಕೆ ಇದೆ ಅನ್ನಿಸತೊಡಗಿತು. ಅವಳು 1131ರಲ್ಲಿ ಶಿವಗಂಗೆಯಲ್ಲಿ ತೀರಿಕೊಂಡಳು. ಬೆಟ್ಟದಿಂದ ಹಾರಿದಳು ಅನ್ನುವ ಕಥೆಯನ್ನು ಅಲ್ಲಿ ಇವತ್ತಿಗೂ ಹೇಳುತ್ತಾರೆ. ತಾಯಿ ಮಾಚಿಕಬ್ಬೆ ಆಮೇಲೆ ಬೆಳಗೊಳದಲ್ಲಿ ಅನ್ನನೀರು ಬಿಟ್ಟು ಸಲ್ಲೇಖನ ಮಾಡಿದಳು. ಆ ಮುದುಕಿಯ ಮೇಲೆ ಯಾರಾದರೂ ಕಾದಂಬರಿ ಬರೆದರೆ ಸಾಲ ಮಾಡಿಯಾದರೂ ಕೊಳ್ಳುತ್ತೇನೆ.

ಶಾಸನ ಬೇಗ ಹುಡುಕುವುದಕ್ಕೆ ನನ್ನದೊಂದು ಉಪಾಯ ಇದೆ, ಅದೂ ನನ್ನ ಹತ್ತಿರವೇ ಇರಲಿ.

ನಡುವೆ ತಮಾಷೆಯೂ ಮಾಡಿದ್ದೇನೆ. 1520ರ ಹೊತ್ತಿಗೆ ವಿಜಯನಗರಕ್ಕೆ ಬಂದಿದ್ದ ಇನ್ನೊಬ್ಬ ಪೋರ್ಚುಗೀಸ್ ಪ್ರವಾಸಿ ಪೇಯಸ್ ಅಲ್ಲಿನ ಮಹಾನವಮಿ ಹಬ್ಬದ ಅರಮನೆ ಹೆಂಗಸರ ಬಗ್ಗೆ ಬರೆದಿದ್ದಾನೆ. ಮೈಮೇಲೆ ಎಷ್ಟು ಚಿನ್ನವೆಂದರೆ ಕೆಲವರಿಗೆ ಭಾರ ತಡೆಯಲಾಗದೆ ಬೇರೆಯವರು ತೋಳು ಹಿಡಿದು ನಡೆಸುತ್ತಿದ್ದರಂತೆ. ಮದುವೆಗೆ ಬಾಡಿಗೆ ಕೊಡುವ ಗಿಲೀಟು ಒಡವೆ ತಂದೆ, ಎರಡು ಕೆಜಿ ಹತ್ತಿರ ಇತ್ತೇನೋ, ಬಾಡಿಗೆ ಎಂಟುನೂರೋ ಒಂಬೈನೂರೋ. ಸೊಂಟಪಟ್ಟಿ, ತೋಳಬಂದಿ, ಅಡ್ಡಿಕೆ ಎಲ್ಲ ಹಾಕಿಕೊಂಡು ಒಂದು ದರ್ಬಾರಿನ ಅಧ್ಯಾಯ ಓದಲು ಕೂತೆ. ಅರ್ಧ ಗಂಟೆಗೆ ಕುತ್ತಿಗೆ ಹಿಡಿಯಿತು. ಬಗ್ಗಲು ಬರಲ್ಲ, ಪುಟ ತಿರುವಲು ಕೈ ಎತ್ತಲು ಆಗಲ್ಲ. ಆಮೇಲೆ ರಾಣಿ 'ಸರ್ರನೆ ಎದ್ದು ಓಡಿದಳು' ಅಂತ ಓದಿದಾಗಲೆಲ್ಲ ನಗು ಬರುತ್ತದೆ. ನಮ್ಮತ್ತೆ ಮಾತ್ರ ಫೋಟೋ ತೆಗೆದು ನೆಂಟರಿಗೆಲ್ಲ ಕಳಿಸಿದರು.

ಹಂಪಿಗೂ ನೋಟ್‌ಬುಕ್ ಹಿಡಿದು ಹೋದೆ. 'ರಾಣಿಯ ಸ್ನಾನಗೃಹ', 'ಕಮಲಮಹಲ್' ಅನ್ನುವ ಹೆಸರುಗಳೆಲ್ಲ ಆಮೇಲೆ ಬಂದವು, ಅದನ್ನು ನಂಬಿ ದೃಶ್ಯ ಕಟ್ಟಬೇಡಿ. ನಾನು ನೋಡಿದ್ದು ಆವರಣದ ಗೋಡೆಯ ಬಾಗಿಲು ಎಲ್ಲಿದೆ, ನೀರು ಯಾವ ಕಡೆಯಿಂದ ಬರುತ್ತಿತ್ತು ಅಂತ. ಬಿಸಿಲಿಗೆ ಅಲ್ಲಿಂದ ಬೇಗ ಹೊರಟೆ.

ಈ ಕ್ರಮ ಎಲ್ಲ ಪುಸ್ತಕಕ್ಕೂ ಆಗಲ್ಲ. ಕೆಲವು ಕಾದಂಬರಿಗಳಲ್ಲಿ ಮುನ್ನೂರು ಪುಟ ಓದಿದರೂ ಲೆಕ್ಕದಲ್ಲಿ ಎರಡೇ ಸಾಲು. ಅಲ್ಲಿ ಯಾರೂ ಅಡುಗೆ ಮಾಡಲ್ಲ, ಯಾರೂ ದೀಪಕ್ಕೆ ಎಣ್ಣೆ ಹಾಕಲ್ಲ. ಅಂಥವನ್ನು ಯಾರಾದರೂ ಕೇಳಿದರೆ ಕೊಟ್ಟುಬಿಡುತ್ತೇನೆ, ವಾಪಸ್ ಬೇಡ ಅಂತ ಹೇಳಿ.

ಈಗ ಕೆಳದಿ ಚೆನ್ನಮ್ಮನ ಮೇಲಿನದೊಂದು ಹಿಡಿದಿದ್ದೇನೆ. 1689ರಲ್ಲಿ ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟು ಔರಂಗಜೇಬನ ಸೈನ್ಯವನ್ನು ಎದುರು ಹಾಕಿಕೊಂಡಳಲ್ಲ, ಆ ಭಾಗದಲ್ಲಿದ್ದೇನೆ. ಲೇಖಕರು ಕತ್ತಿ ಝಳಪಿಸುತ್ತಿದ್ದಾರೆ. ನಾನಿನ್ನೂ ಬಂದವರಿಗೆ ಊಟ ಹಾಕಿದ ಖರ್ಚನ್ನು ಯಾರ ಹೆಸರಿಗೆ ಬರೆಯಲಿ ಅಂತ ಹುಡುಕುತ್ತಿದ್ದೇನೆ.