ನೀರು, ಒಳಚರಂಡಿ ಸಂಸ್ಥೆಗಳು ನಿಮ್ಮ ಜಾಗ ಕೇಳಿದಾಗ: ಅಮೆರಿಕದ ಆಸ್ತಿ ಮಾಲೀಕರಿಗೆ ಮಾರ್ಗದರ್ಶಿ

ಅಮೆರಿಕದಲ್ಲಿ ಮನೆ ಅಥವಾ ಜಮೀನು ಹೊಂದಿರುವವರಿಗೆ ಸ್ಥಳೀಯ ನೀರು ಸರಬರಾಜು ಅಥವಾ ಒಳಚರಂಡಿ ಸಂಸ್ಥೆಯಿಂದ, ನಿಮ್ಮ ಜಾಗದಲ್ಲಿ ಕೊಳವೆ ಹಾಯಿಸಬೇಕಾಗಿದೆ ಎಂಬ ಪತ್ರ ಬಂದರೆ, ಅದರ ಹಿಂದೆ ಸಾಮಾನ್ಯವಾಗಿ ‘ಎಮಿನೆಂಟ್ ಡೊಮೈನ್’ ಇರುತ್ತದೆ. ಅಂದರೆ, ಸಾರ್ವಜನಿಕ ಬಳಕೆಗಾಗಿ ಖಾಸಗಿ ಆಸ್ತಿಯನ್ನು ಮಾಲೀಕರ ಒಪ್ಪಿಗೆಯಿಲ್ಲದೆಯೂ ಪಡೆಯುವ ಅಧಿಕಾರ. ಪತ್ರದ ಭಾಷೆ ಎಷ್ಟೇ ಸೌಮ್ಯವಾಗಿದ್ದರೂ ಅದನ್ನು ಕಾನೂನು ಪ್ರಕ್ರಿಯೆಯ ಆರಂಭವೆಂದೇ ಭಾವಿಸಿ, ಅದು ತಲುಪಿದ ದಿನಾಂಕವನ್ನು ಲಕೋಟೆಯ ಸಮೇತ ಕಾಯ್ದಿಡಿ.

ಮೊದಲು ಆ ಸಂಸ್ಥೆಗೆ ಈ ಅಧಿಕಾರ ಎಲ್ಲಿಂದ ಬಂತೆಂಬುದನ್ನು ಲಿಖಿತವಾಗಿ ಕೇಳಿ. ನಗರಸಭೆ, ಕೌಂಟಿ, ನೀರಿನ ಜಿಲ್ಲಾ ಮಂಡಳಿ, ಯಾವುದೇ ಇರಲಿ, ರಾಜ್ಯದ ಶಾಸನಸಭೆ ಕೊಟ್ಟಷ್ಟೇ ಅಧಿಕಾರ ಅದಕ್ಕಿರುತ್ತದೆ. ತನ್ನ ಗಡಿಯಾಚೆಗಿನ ಜಾಗವನ್ನು ಪಡೆಯಬಹುದೇ ಎಂಬುದನ್ನೂ ಆ ಶಾಸನವೇ ನಿರ್ಧರಿಸುತ್ತದೆ. 1791ರಲ್ಲಿ ಜಾರಿಗೆ ಬಂದ ಸಂವಿಧಾನದ ಐದನೆಯ ತಿದ್ದುಪಡಿ ಸಾರ್ವಜನಿಕ ಬಳಕೆ ಮತ್ತು ನ್ಯಾಯಯುತ ಪರಿಹಾರ ಎಂಬ ಎರಡು ಷರತ್ತುಗಳನ್ನು ವಿಧಿಸುತ್ತದೆ. ನೀರಿನ ಕೊಳವೆ ಸಾರ್ವಜನಿಕ ಬಳಕೆಯಲ್ಲ ಎಂದು ವಾದಿಸುವುದರಲ್ಲಿ ನನಗಂತೂ ಪ್ರಯೋಜನ ಕಾಣದು: 2005ರ ಕೆಲೋ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಆರ್ಥಿಕ ಅಭಿವೃದ್ಧಿ ಯೋಜನೆಯನ್ನೇ ಸಾರ್ವಜನಿಕ ಬಳಕೆಯೆಂದು ಒಪ್ಪಿದೆ. ಹಾದಿ ಇಲ್ಲಿಯೇ ಏಕೆ, ಅಗಲ ಇಷ್ಟೇಕೆ, ರಸ್ತೆಯಂಚಿನಲ್ಲಿ ಏಕಾಗದು ಎಂಬ ಪ್ರಶ್ನೆಗಳಿಗೆ ಹೆಚ್ಚು ಬೆಲೆಯಿದೆ. ಅವುಗಳನ್ನು ಎತ್ತುವ ಸಮಯ ಮಾತ್ರ ಬಹಳ ಕಡಿಮೆ. ಕ್ಯಾಲಿಫೋರ್ನಿಯಾದಲ್ಲಿ ಆಡಳಿತ ಮಂಡಳಿಯು ಸ್ವಾಧೀನದ ಅಗತ್ಯವನ್ನು ಸಾರುವ ನಿರ್ಣಯವನ್ನು ಸಾಮಾನ್ಯವಾಗಿ ಮೂರನೆಯ ಎರಡರಷ್ಟು ಮತದಿಂದ ಅಂಗೀಕರಿಸಬೇಕು. ಆ ಸಭೆಯಲ್ಲಿ ಮಾತನಾಡಬೇಕಾದರೆ ನೋಟಿಸ್ ಅಂಚೆಗೆ ಹಾಕಿದ 15 ದಿನಗಳೊಳಗೆ ಲಿಖಿತ ವಿನಂತಿ ಸಲ್ಲಿಸಬೇಕು.

ಕೊಳವೆಮಾರ್ಗಕ್ಕೆ ಬಹುತೇಕ ಪೂರ್ಣ ಒಡೆತನ ಬೇಕಾಗುವುದಿಲ್ಲ, ಬಳಕೆಯ ಹಕ್ಕಾದ ಈಸ್ಮೆಂಟ್ ಸಾಕು. ನೆಲ ನಿಮ್ಮ ಹೆಸರಿನಲ್ಲಿಯೇ ಉಳಿಯುವುದರಿಂದ ಮಾಲೀಕರು ಇದನ್ನು ಹಗುರವಾಗಿ ಕಾಣುತ್ತಾರೆ, ಆದರೆ ನನ್ನ ದೃಷ್ಟಿಯಲ್ಲಿ ಇಡೀ ವ್ಯವಹಾರದ ತಿರುಳು ಇರುವುದು ಈಸ್ಮೆಂಟ್ ಪತ್ರದ ಒಕ್ಕಣೆಯಲ್ಲಿಯೇ. ಮುಂದೆ ಎರಡನೆಯ ಕೊಳವೆ ಹಾಕುವ ಹಕ್ಕೂ ಅದರಲ್ಲಿ ಸೇರಿದೆಯೇ, ಮ್ಯಾನ್‌ಹೋಲ್ ಎಲ್ಲಿ ಬರುತ್ತದೆ, ಮರ, ಬೇಲಿ, ಗ್ಯಾರೇಜುಗಳಿಗೆ ನಿಷೇಧವಿದೆಯೇ, ದುರಸ್ತಿಗಾಗಿ ಅಗೆದ ಮೇಲೆ ನೆಲವನ್ನು ಮೊದಲಿನಂತೆ ಮಾಡಿಕೊಡುವವರು ಯಾರು, ಹಕ್ಕನ್ನು ಬೇರೆ ಸಂಸ್ಥೆಗೆ ವರ್ಗಾಯಿಸಬಹುದೇ ಎಂಬುದನ್ನು ಸಾಲುಸಾಲಾಗಿ ಓದಿ, ಕೊಳವೆಯ ಸಂಖ್ಯೆ, ವ್ಯಾಸ ಮತ್ತು ಆಳವನ್ನು ಪತ್ರದಲ್ಲಿಯೇ ನಮೂದಿಸುವಂತೆ ಒತ್ತಾಯಿಸಿ. ಕಾಮಗಾರಿಯ ಅವಧಿಗೆ ಮಾತ್ರ ಬೇಕಾದ ಹೆಚ್ಚುವರಿ ಜಾಗಕ್ಕೆ ಪ್ರತ್ಯೇಕ ತಾತ್ಕಾಲಿಕ ಈಸ್ಮೆಂಟ್ ಇರಲಿ, ಅದು ಮುಗಿಯುವ ದಿನಾಂಕವೂ ಇರಲಿ.

ಪರಿಹಾರದ ಅಳತೆಗೋಲು ಮಾರುಕಟ್ಟೆ ಬೆಲೆ. ಜಾಗದ ಒಂದು ಭಾಗವನ್ನಷ್ಟೇ ಪಡೆದಾಗ, ಉಳಿದ ಆಸ್ತಿಯ ಬೆಲೆ ಕುಸಿದಿದ್ದರೆ ಆ ನಷ್ಟವನ್ನೂ ಕೇಳಬಹುದು. ಪಟ್ಟಿಯಾಕಾರದ ಸಣ್ಣ ಜಾಗ ನಿವೇಶನದಲ್ಲಿ ಮನೆ ಕಟ್ಟುವ ಅವಕಾಶವನ್ನೇ ತಪ್ಪಿಸಿದರೆ, ಈ ನಷ್ಟವೇ ಆ ಸಣ್ಣ ಜಾಗದ ಬೆಲೆಯನ್ನು ಮೀರಬಹುದು. ಯೋಜನೆಗೆ ಫೆಡರಲ್ ಹಣ ಬಂದಿದ್ದರೆ 1970ರ ಯೂನಿಫಾರ್ಮ್ ರೀಲೊಕೇಶನ್ ಕಾಯ್ದೆಯಂತೆ, ಸಂಸ್ಥೆಯು ತಾನು ಅಂಗೀಕರಿಸಿದ ಮೌಲ್ಯಮಾಪನಕ್ಕಿಂತ ಕಡಿಮೆ ಮೊತ್ತವನ್ನು ಮುಂದಿಡುವಂತಿಲ್ಲ. ಅಪ್ರೈಸರ್, ಅಂದರೆ ಆಸ್ತಿಯ ಬೆಲೆ ಕಟ್ಟುವವರು, ಸ್ಥಳಕ್ಕೆ ಬಂದಾಗ ಜೊತೆಗಿರುವ ಅವಕಾಶವನ್ನೂ ನಿಮಗೆ ಕೊಡಬೇಕು. ತಪ್ಪದೆ ಜೊತೆಗಿರಿ. ಬಾವಿ, ಸೆಪ್ಟಿಕ್ ಟ್ಯಾಂಕ್, ನೀರು ಬಸಿಯುವ ಇಳಿಜಾರು ಇವೆಲ್ಲ ನಕ್ಷೆಯಲ್ಲಿ ಕಾಣದೇ ಹೋಗಬಹುದು. ಬಳಿಕ ನಿಮ್ಮದೇ ಅಪ್ರೈಸರ್‌ನಿಂದ ಇನ್ನೊಂದು ಮೌಲ್ಯಮಾಪನ ಮಾಡಿಸಿ. ಕ್ಯಾಲಿಫೋರ್ನಿಯಾದಲ್ಲಿ ಇದಕ್ಕೆ ತಗಲುವ ಸಮಂಜಸ ವೆಚ್ಚವನ್ನು 5,000 ಡಾಲರ್‌ಗಳವರೆಗೆ ಸಂಸ್ಥೆಯೇ ಭರಿಸಬೇಕು. ಫ್ಲಾರಿಡಾದಲ್ಲಿ ಮಾಲೀಕರ ವಕೀಲರ ಸಮಂಜಸ ಶುಲ್ಕವೂ ಸಂಸ್ಥೆಯ ಪಾಲಿಗೇ ಬರುತ್ತದೆ.

ಒಪ್ಪಂದವಾಗದಿದ್ದರೆ ಸಂಸ್ಥೆಯು ದಾವೆ ಹೂಡಿ, ಹಲವು ರಾಜ್ಯಗಳಲ್ಲಿ ಅಂದಾಜು ಪರಿಹಾರವನ್ನು ಠೇವಣಿಯಿಟ್ಟು, ತೀರ್ಪಿಗೆ ಮೊದಲೇ ಜಾಗದ ಸ್ವಾಧೀನ ಪಡೆಯಬಹುದು. ಈ ಠೇವಣಿಯನ್ನು ತೆಗೆದುಕೊಳ್ಳುವ ಮುನ್ನ ವಕೀಲರನ್ನು ಕೇಳಲೇಬೇಕು, ಏಕೆಂದರೆ ಕ್ಯಾಲಿಫೋರ್ನಿಯಾದಲ್ಲಿ ಹಣ ಪಡೆದವರಿಗೆ ಹೆಚ್ಚಿನ ಪರಿಹಾರ ಕೇಳುವ ಹಕ್ಕು ಉಳಿಯುತ್ತದೆಯೇ ಹೊರತು ಸ್ವಾಧೀನವನ್ನೇ ಪ್ರಶ್ನಿಸುವ ಹಕ್ಕು ಉಳಿಯುವುದಿಲ್ಲ. ಮನೆಸಾಲವಿದ್ದರೆ ಪರಿಹಾರದ ಮೇಲೆ ಬ್ಯಾಂಕಿಗೂ ಹಕ್ಕಿರಬಹುದಾದ್ದರಿಂದ ಸಾಲಪತ್ರವನ್ನೂ ಹೊರತೆಗೆದು ಓದಿ.