ಕರಾರು ಸಾಫ್ಟ್‌ವೇರ್‌ನಲ್ಲಿ 'ಅಪ್ರೂವ್' ಬಟನ್ ಕಾಣದಿದ್ದರೆ

ಬಳ್ಳಾರಿಯ ನಮ್ಮ ಆಫೀಸಿನಲ್ಲಿ ಅದಿರು ಲಾರಿಗಳ ಕರಾರುಗಳೆಲ್ಲ ಸಾಫ್ಟ್‌ವೇರ್‌ನಲ್ಲೇ ಇವೆ. ಅಕೌಂಟೆಂಟ್‌ಗೆ 'ಅಪ್ರೂವರ್' ರೋಲ್ (ಕರಾರು ಒಪ್ಪುವ ಅಧಿಕಾರ) ಕೊಟ್ಟರೂ ಅವರ ಪರದೆಯಲ್ಲಿ ಬರೀ 'ವ್ಯೂ' ಬಟನ್ ಬರುತ್ತಿತ್ತು. ಸಂಡೂರಿನ ಕರಾರೊಂದು ಹಾಗೇ ನಿಂತಿತ್ತು. ಬ್ರೌಸರ್ ಉಳಿಸಿಟ್ಟ ಹಳೆ ಡೇಟಾ (ಕ್ಯಾಶ್) ಅಳಿಸಿದೆ, ಪಾಸ್‌ವರ್ಡ್ ಬದಲಿಸಿದೆ, ಬೇರೆ ಬ್ರೌಸರ್ ನೋಡಿದೆ. ಆಗಲಿಲ್ಲ. ಅಡ್ಮಿನ್ ರೋಲ್ ಕೊಟ್ಟರೆ ಬಟನ್ ಬಂತು, ಆದರೆ ಎಲ್ಲರ ದರಗಳೂ ಕಂಡವು. ಅದು ಸರಿಯಲ್ಲ, ತಕ್ಷಣ ತೆಗೆದೆ.

ತಪ್ಪು ಇದ್ದದ್ದು ಅವರಿಗೆ ಮೊದಲಿಂದ ಇದ್ದ, ಬರೀ ನೋಡಲು ಬಿಡುವ ಹಳೆಯ 'ವ್ಯೂವರ್' ರೋಲ್‌ನಲ್ಲಿ. ಅಲ್ಲಿ 'ಅಪ್ರೂವ್' ಎದುರು 'ಡಿನೈ' (ಅನುಮತಿ ಇಲ್ಲ) ಅಂತಿತ್ತು. ಒಬ್ಬರಿಗೆ ಎರಡು ರೋಲ್ ಇದ್ದರೆ ನಮ್ಮ ಸಾಫ್ಟ್‌ವೇರ್‌ನಲ್ಲಿ 'ಡಿನೈ'ಯೇ ನಡೆಯುತ್ತದೆ. ಮೊದಲು ಹಳೆ ರೋಲ್ ತೆಗೆಯಿರಿ. ಆಮೇಲೆ 'ಡೀಫಾಲ್ಟ್ ಲೇಔಟ್' (ಅವರಿಗೆ ತಾನಾಗಿ ಕಾಣುವ ಪರದೆ ವಿನ್ಯಾಸ) ಅನ್ನು 'ಅಪ್ರೂವರ್'ಗೆ ಬದಲಿಸಿ ಸೇವ್ ಮಾಡಿ. ಕೊನೆಗೆ ಮೊಬೈಲ್‌ನಲ್ಲೂ ಲಾಗೌಟ್ ಮಾಡಿಸಿ, ಮತ್ತೆ ಲಾಗಿನ್ ಮಾಡಿಸಿ. ಸುಮ್ನೆ ರಿಫ್ರೆಶ್ ಮಾಡಿದರೆ ಸಾಲದು, ಹಳೆ ಸೆಷನ್ (ಲಾಗಿನ್ ಆಗಿ ಉಳಿದ ಅವಧಿ) ಹಳೆ ರೋಲನ್ನೇ ಹಿಡಿದಿರುತ್ತದೆ.